ಗೆಳೆಯನಿಗೊಂದು ಪತ್ರ: ಕಲ್ಲು ಕದಿಯುವ ಹಕ್ಕಿಗಳ ನಾಡಿನಿಂದ ಬಂದ ಮೇಲೆ

ಬಳ್ಳಾರಿ

ಪ್ರಿಯ ಗೆಳೆಯಾ,

"ಅಷ್ಟು ದುಡ್ಡು ಸುರಿದು ಅಂಟಾರ್ಕ್ಟಿಕಾಕ್ಕೆ ಹೋಗಿ ಬರೀ ಮಂಜುಗಡ್ಡೆ ನೋಡಿಕೊಂಡು ಬಂದೆಯಲ್ಲ, ಅದರಲ್ಲೇನಿದೆ?" ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ರಾಯಚೂರಿನ ಬಿಸಿಲಿನಲ್ಲಿ ಬೇಯುವವನಿಗೆ ಮಂಜುಗಡ್ಡೆಯ ಬಗ್ಗೆ ಇಷ್ಟು ತಾತ್ಸಾರ ಸಲ್ಲದು. ಆದರೆ ಪ್ರಶ್ನೆ ನ್ಯಾಯವಾದದ್ದೇ. ನೀನೂ ಒಳಗೊಳಗೇ ಹೊರಡುವ ಲೆಕ್ಕ ಹಾಕುತ್ತಿರುವೆ ಎಂಬ ಗುಮಾನಿ ಇರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ದಾರಿಯ ಕಥೆ ಬೇಡ. ವಿಮಾನಗಳನ್ನು ಬದಲಿಸುತ್ತ ಬ್ಯೂನಸ್ ಐರಿಸ್, ಅಲ್ಲಿಂದ ಅರ್ಜೆಂಟೀನಾದ ದಕ್ಷಿಣ ತುದಿಯ ಉಷುವಾಯಾ, ಆಮೇಲೆ ಹಡಗು. ನಡುವೆ ಇರುವ ಡ್ರೇಕ್ ಜಲಸಂಧಿ ಸುಮಾರು 800 ಕಿ.ಮೀ. ಅಗಲ, ದಾಟಲು ಸಾಮಾನ್ಯವಾಗಿ ಎರಡು ದಿನ ಬೇಕು. ಆ ಅಕ್ಷಾಂಶದಲ್ಲಿ ಭೂಮಿಯನ್ನು ಸುತ್ತುವ ಗಾಳಿಗೆ ಎಲ್ಲಿಯೂ ನೆಲ ಅಡ್ಡ ಬರುವುದಿಲ್ಲ. ಹಾಗಾಗಿ ಅಲೆಗೆ ಲಂಗುಲಗಾಮಿಲ್ಲ. ಊಟದ ಕೋಣೆಯ ಕುರ್ಚಿಗಳನ್ನು ನೆಲಕ್ಕೆ ಸರಪಳಿಯಿಂದ ಬಿಗಿದಿದ್ದು ಯಾಕೆಂದು ಮೊದಲ ರಾತ್ರಿಯೇ ಗೊತ್ತಾಯಿತು. ಮಾತ್ರೆ ನುಂಗಿ ಮಲಗುವುದೊಂದೇ ಉಪಾಯ. ನಾನು ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಆ ಹೊತ್ತಿನಲ್ಲಿ ಹಡಗಿನ ಯಾವ ಪಕ್ವಾನ್ನಕ್ಕಿಂತಲೂ ಹೆಚ್ಚಿನವಾಗಿದ್ದವು.

ಹೇಳಲೇಬೇಕಾದದ್ದು ದಡಕ್ಕೆ ಇಳಿಯುವ ಮುಂಚಿನ ತಪಾಸಣೆಯ ವಿಷಯ. ಪ್ರತಿಯೊಬ್ಬರ ಜೇಬು, ಚೀಲದ ಹೊಲಿಗೆ, ಬೂಟಿನ ತಳವನ್ನು ಧೂಳು ಹೀರುವ ಯಂತ್ರದಿಂದ ಎಳೆದು, ಚಿಮಟದಿಂದ ಹೆಕ್ಕಿ ಶುದ್ಧ ಮಾಡುತ್ತಾರೆ. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು. ನನ್ನ ಕ್ಯಾಮೆರಾ ಚೀಲದ ಪಟ್ಟಿಯೊಳಗಿಂದ ಸಿಬ್ಬಂದಿಯ ಹುಡುಗಿಯೊಬ್ಬಳು ಏನೋ ಎಳೆದು ಬಿಳಿ ಕಾಗದದ ಮೇಲಿಟ್ಟಳು. ನೋಡುತ್ತೇನೆ, ಉತ್ತರಾಣಿ ಬೀಜ! ಸಂಡೂರಿನ ಗುಡ್ಡದಲ್ಲಿ ಅಂಟಿಕೊಂಡದ್ದು ಹದಿನೈದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಟಿಕೆಟ್ಟೂ ಇಲ್ಲದೆ, ನನ್ನ ಜೊತೆ ಬಂದಿತ್ತು. ಆ ಹುಡುಗಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ ರೀತಿ ನೋಡಿದ್ದರೆ, ನೀನು ಅದೇನೋ ಮದ್ದುಗುಂಡು ಎಂದುಕೊಳ್ಳುತ್ತಿದ್ದೆ. ಬೂಟಿಗೆ ಸೋಂಕುನಾಶಕದ ಸ್ನಾನ ಹೋಗುವಾಗಲೂ ಆಗಬೇಕು, ಬರುವಾಗಲೂ ಆಗಬೇಕು.

ದಡದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಾದರೆ ಯಾರನ್ನೂ ಇಳಿಸುವಂತೆಯೇ ಇಲ್ಲ. ದೂರದಿಂದ ನೋಡಿ ಹೋಗಬೇಕು. ಹಡಗು ಆರಿಸುವಾಗ ಇದನ್ನು ಮರೆಯಬೇಡ, ಅಗ್ಗವಾಗಿ ಸಿಗುವ ದೊಡ್ಡ ಹಡಗುಗಳಲ್ಲಿ ಹಲವು ಹೀಗೆಯೇ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಅದಾಗಿಯೇ ಹತ್ತಿರ ಬಂದರೆ ಸುಮ್ಮನೆ ನಿಂತು ದಾರಿ ಬಿಡಬೇಕು. ಹಕ್ಕಿಜ್ವರ ಆ ಕಡೆಗೂ ತಲುಪಿದ ಮೇಲೆ ಮಂಡಿಯೂರುವುದು, ಕೂರುವುದು, ಚೀಲವನ್ನು ನೆಲಕ್ಕಿಡುವುದು ಎಲ್ಲವೂ ನಿಷಿದ್ಧ. ಮಂಡಿನೋವಿನ ನನಗೆ ಇದೊಂದು ಮಾತ್ರ ಅನುಕೂಲದ ನಿಯಮ.

ಕ್ಯೂವರ್‌ವಿಲ್ ದ್ವೀಪದಲ್ಲಿ ಜೆಂಟೂ ಪೆಂಗ್ವಿನ್‌ಗಳ ದೊಡ್ಡ ಬಿಡಾರ. ಮೊದಲು ಎದುರಾಗುವುದು ನಾತ. ಫೋಟೋಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ಯಾರೂ ಹೇಳುವುದಿಲ್ಲ. ಅವು ತಿನ್ನುವ ಕ್ರಿಲ್ ಎಂಬ ಸಣ್ಣ ಸಿಗಡಿಯಂಥ ಜೀವಿಯಿಂದಾಗಿ ಹಿಕ್ಕೆಯೂ ಕೆಂಪು, ಹಿಮವೂ ಕೆಂಪು. ಗೂಡು ಎಂದರೆ ಬೆಣಚುಕಲ್ಲುಗಳ ವರ್ತುಲ, ಅಷ್ಟೇ. ಕಲ್ಲಿಗೆ ಅಲ್ಲಿ ಚಿನ್ನದ ಬೆಲೆ. ಒಂದು ಜೆಂಟೂ ದಂಡೆಯಿಂದ ಕೊಕ್ಕಿನಲ್ಲಿ ಕಲ್ಲು ಹಿಡಿದು, ಏದುಸಿರು ಬಿಡುತ್ತ ಗುಡ್ಡವೇರಿ ಬಂದು ಜೋಡಿಯ ಮುಂದಿಟ್ಟು ತಲೆ ಬಾಗಿಸಿತು. ಅದು ಮತ್ತೆ ಕೆಳಗಿಳಿಯುವುದನ್ನೇ ಕಾಯುತ್ತಿದ್ದ ನೆರೆಮನೆಯದು ಕತ್ತು ಚಾಚಿ ಆ ಕಲ್ಲನ್ನು ಎತ್ತಿಕೊಂಡಿತು. ಮಾಲೀಕ ಬರುವಷ್ಟರಲ್ಲಿ ಏನೂ ಅರಿಯದಂತೆ ಆಕಾಶ ನೋಡುತ್ತ ನಿಂತಿತ್ತು. ನೌಕರಿಯ ಬದುಕನ್ನೆಲ್ಲ ಅದಿರಿನ ಸರ್ವೆಯಲ್ಲಿ ಕಳೆದವನು ನಾನು. ಈ ಮುಖಭಾವವನ್ನು ಮನುಷ್ಯರಲ್ಲಿ ಎಷ್ಟು ಸಲ ಕಂಡಿದ್ದೇನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಯನ್ನು ಕರೆಸಿಕೊಂಡು ನೋಡಿದವರು ನಾವು. ಇಲ್ಲಿ ಯಾರನ್ನೂ ಯಾರೂ ಕರೆಸುವುದಿಲ್ಲ. ಕಂಡರೆ ಉಂಟು, ಇಲ್ಲವಾದರೆ ಇಲ್ಲ. ಗೂನುಬೆನ್ನಿನ ತಿಮಿಂಗಿಲ ನಮ್ಮ ರಬ್ಬರ್ ದೋಣಿಯ ಪಕ್ಕದಲ್ಲೇ ಎದ್ದು ಉಸಿರು ಬಿಟ್ಟಿತು. ಆ ತುಂತುರು ಕೊಳೆತ ಮೀನಿನ ವಾಸನೆಯೊಂದಿಗೆ ನನ್ನ ಕನ್ನಡಕದ ಮೇಲೆ ಕುಳಿತಿತು. ತಿಮಿಂಗಿಲವೇ ಮುಖ್ಯವಾದರೆ ನೀನು ಫೆಬ್ರವರಿ, ಮಾರ್ಚ್‌ನಲ್ಲಿ ಹೋಗು. ಗೂಡು, ಮೊಟ್ಟೆ, ಕಳ್ಳತನ ನೋಡಬೇಕಾದರೆ ನನ್ನ ಹಾಗೆ ಡಿಸೆಂಬರ್.

ಇನ್ನು ನಿನ್ನ "ಬರೀ ಮಂಜುಗಡ್ಡೆ". ಒಂದು ಕೊಲ್ಲಿಯಲ್ಲಿ ದೋಣಿಯ ಎಂಜಿನ್ ನಿಲ್ಲಿಸಿದಾಗ ಸುತ್ತಲಿನ ಚೂರುಮಂಜಿನಿಂದ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಹಿಮ ಪದರ ಪದರವಾಗಿ ಬಿದ್ದು ಗಟ್ಟಿಯಾಗುವಾಗ ಒಳಗೆ ಸಿಕ್ಕಿಬಿದ್ದ ಹಳೆಯ ಕಾಲದ ಗಾಳಿ, ಕರಗುವಾಗ ಗುಳ್ಳೆಯೊಡೆದು ಹೊರಬರುವ ಸದ್ದು ಅದು. ಒತ್ತಡಕ್ಕೆ ಗುಳ್ಳೆಗಳು ಅಡಗಿಹೋದ ಗಡ್ಡೆ ಕೆಂಪು ಬೆಳಕನ್ನು ನುಂಗಿ ನೀಲಿಯನ್ನು ಬಿಟ್ಟುಕೊಡುತ್ತದೆ. ಆ ನೀಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಮುದ್ರದಲ್ಲಿ ತೇಲುವ ನೀರ್ಗಲ್ಲಿನ ಹತ್ತರಲ್ಲಿ ಒಂಬತ್ತು ಪಾಲು ನೀರಿನೊಳಗೇ ಇರುವುದರಿಂದ, ಯಾವಾಗ ಮಗುಚುತ್ತದೆಂದು ಹೇಳಲಾಗದು. ದೋಣಿಯವರು ಹತ್ತಿರ ಸುಳಿಯುವುದಿಲ್ಲ. 1986ರಲ್ಲಿ ಅಲ್ಲಿನ ಹಿಮದ ಹಾಸಿನಿಂದ ಕಳಚಿಕೊಂಡ ಎ23ಎ ಎಂಬ ನೀರ್ಗಲ್ಲು ಸುಮಾರು 4,000 ಚದರ ಕಿ.ಮೀ. ಇತ್ತಂತೆ. ನಮ್ಮ ಎರಡು ತಾಲ್ಲೂಕುಗಳು ಸಲೀಸಾಗಿ ಹಿಡಿಸುವಂಥ ಆ ಗಡ್ಡೆ ಮೂವತ್ತು ವರ್ಷಕ್ಕೂ ಮೇಲೆ ವೆಡೆಲ್ ಸಮುದ್ರದ ತಳಕ್ಕೆ ಕಚ್ಚಿಕೊಂಡು ಕುಳಿತಿತ್ತು.

ಒಂದು ಸಂಜೆ ಹಡಗಿನ ಭೂವಿಜ್ಞಾನಿ ಮಾತಾಡುತ್ತ ಒಂದು ಚಿತ್ರ ತೋರಿಸಿದರು. ನಾನು ಎದ್ದು ಕುಳಿತೆ. ಕೆಂಪು, ಕಪ್ಪು ಪಟ್ಟೆಗಳ ಕಬ್ಬಿಣದ ಶಿಲೆ. ಸಂಡೂರಿನದೇ ಎಂದು ಪ್ರಮಾಣ ಮಾಡಬಹುದಿತ್ತು. ಪೂರ್ವ ಅಂಟಾರ್ಕ್ಟಿಕಾದ ಪ್ರಿನ್ಸ್ ಚಾರ್ಲ್ಸ್ ಪರ್ವತದ್ದಂತೆ. ಗೊಂಡ್ವಾನಾ ಎಂಬ ಪುರಾತನ ಮಹಾಖಂಡ ಒಡೆಯುವ ಮುನ್ನ ನಮ್ಮ ನೆಲ, ಆ ನೆಲ ಅಕ್ಕಪಕ್ಕ ಇದ್ದವು ಎಂದು ಓದಿದ್ದೆವಲ್ಲ, ಅದು ಅಂದು ಕಣ್ಣಿಗೆ ಕಂಡಿತು. ಅಂದರೆ ಅಲ್ಲಿಯೂ ಅದಿರು ಉಂಟು. ಆದರೆ 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ವೈಜ್ಞಾನಿಕ ಸಂಶೋಧನೆಯ ಹೊರತು ಯಾರೂ ಖನಿಜದ ತಂಟೆಗೆ ಹೋಗುವಂತಿಲ್ಲ. 1998ರಿಂದ ಅದು ಜಾರಿಯಲ್ಲಿದೆ. ಪ್ರವಾಸಿಗನಂತೂ ನೆನಪಿಗೆಂದು ಒಂದು ಬೆಣಚುಕಲ್ಲನ್ನೂ ಜೇಬಿಗಿಳಿಸಬಾರದು. ನಮ್ಮಲ್ಲಿ ಗುಡ್ಡಗಳೇ ಲಾರಿಯೇರಿ ಹೋಗಿ, 2011ರಲ್ಲಿ ಸುಪ್ರೀಂ ಕೋರ್ಟೇ ಗಣಿ ನಿಲ್ಲಿಸಿ ಎನ್ನಬೇಕಾಯಿತು. ಅಲ್ಲಿ ಅಗೆಯುವ ಮೊದಲೇ ಬೇಡವೆಂದರು. ನನ್ನ ದುಡ್ಡು ಯಾವುದಕ್ಕೆ ಖರ್ಚಾಯಿತೆಂದು ಕೇಳಿದೆಯಲ್ಲ, ಕೈಯಿಡದ ಕಲ್ಲು ಹೇಗಿರುತ್ತದೆಂದು ನೋಡಲಿಕ್ಕೆ.

ಹಾಗೆಂದು ಅಲ್ಲಿ ಎಲ್ಲ ಪುಣ್ಯವಂತರೇ ಎಂದುಕೊಳ್ಳಬೇಡ. ಡಿಸೆಪ್ಷನ್ ದ್ವೀಪದಲ್ಲಿ ತಿಮಿಂಗಿಲದ ಕೊಬ್ಬು ಕುದಿಸಿ ಎಣ್ಣೆ ತೆಗೆಯುತ್ತಿದ್ದ ಕಾರ್ಖಾನೆಯ ತುಕ್ಕು ಹಿಡಿದ ಹಂಡೆಗಳು ಇನ್ನೂ ನಿಂತಿವೆ. ದಕ್ಷಿಣ ಗೋಳಾರ್ಧದಲ್ಲಿ ಕಳೆದ ಶತಮಾನದಲ್ಲಿ ಕೊಂದ ತಿಮಿಂಗಿಲಗಳ ಸಂಖ್ಯೆ ಸುಮಾರು 20 ಲಕ್ಷ. ಬಿಟ್ಟುಹೋದ ಗಣಿಗಳನ್ನು ನೋಡಿದವನಿಗೆ ಆ ತುಕ್ಕು ಹೊಸದಲ್ಲ. ಈಗ ಒಂದು ಋತುವಿನಲ್ಲಿ ಲಕ್ಷಕ್ಕೂ ಮೀರಿ ಪ್ರವಾಸಿಗರು ಹೋಗುತ್ತಿದ್ದಾರೆ. ನಾವು ಸುಟ್ಟ ಇಂಧನವೂ ಆ ಹಿಮದ ಲೆಕ್ಕಕ್ಕೇ ಜಮೆ. ಸಂಖ್ಯೆಗೆ ಕಟ್ಟುನಿಟ್ಟಿನ ಮಿತಿ ಬರಲೇಬೇಕು. ಅದರಿಂದ ನಿನ್ನ ಟಿಕೆಟ್ ತಪ್ಪಿದರೂ ನಾನು ಮಿತಿಯ ಪರವೇ.

ಹೊರಡುವುದೇ ಆದರೆ ಫೋನು ಮಾಡು. ಹಡಗಿನವರು ಕೊಟ್ಟ ಕೆಂಪು ಜಾಕೆಟ್ ಇಲ್ಲಿ ಗೂಟಕ್ಕೆ ತೂಗುತ್ತಿದೆ. ಬಳ್ಳಾರಿಯಲ್ಲಿ ಅದನ್ನು ತೊಡುವ ದಿನ ಈ ಜನ್ಮದಲ್ಲಿ ಬರುವುದಿಲ್ಲ, ಬಂದು ಒಯ್ಯಿ. ಬರುವಾಗ ಸಿಂಧನೂರಿನ ಅಕ್ಕಿ ಒಂದು ಚೀಲ ತಾ, ಹಿಂದಿನ ಸಲದ್ದು ಮುಗಿದಿದೆ.

ನಿನ್ನ ಗೆಳೆಯ