ನನಗೆ ದನಿಯಿಲ್ಲದಾಗ ಓದಿ ಹೇಳಿದವರಿಗೆ

ಪೀಣ್ಯದ ನನ್ನ ಭಾನುವಾರದ ಬಳಗಕ್ಕೆ,

ನಿನ್ನೆ ವೈದ್ಯರು ಗಂಟಲು ನೋಡಿ, ಗಾಯ ಮಾಯ್ದಿದೆ, ಇನ್ನು ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಬಹುದು ಎಂದರು. ಮನೆಗೆ ಬಂದವಳೇ ಇದನ್ನು ಬರೆಯಲು ಕುಳಿತಿದ್ದೇನೆ.

ಎರಡು ವರ್ಷದಿಂದ ನಿಮಗೆ ಇಂಗ್ಲಿಷ್ ಓದಿ ಹೇಳುತ್ತಿದ್ದೆ. ನಾನು ಓದುವುದು, ನೀವು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೇಳುವುದು, ಆಮೇಲೆ ಎಲ್ಲರೂ ಕೂಡಿ ಹೇಳುವುದು. ಆರು ದಿನ ಗಾರ್ಮೆಂಟ್ಸ್‌ನಲ್ಲಿ ದುಡಿದು, ಸಿಗುವ ಒಂದೇ ರಜೆಯನ್ನು ನೀವು ಇದಕ್ಕೆ ಕೊಟ್ಟಿರಿ. ಕಾಲರ್, ಕಫ್, ಬ್ಯಾಚ್, ಟಾರ್ಗೆಟ್ ಎಲ್ಲವೂ ನಿಮ್ಮ ಕಿವಿಗೆ ಹಳೆಯ ಮಾತುಗಳೇ. ಅಕ್ಷರದಲ್ಲಿ ಕಂಡಾಗ ಮಾತ್ರ ಗುರುತು ಸಿಗುತ್ತಿರಲಿಲ್ಲ. ಬರೆದಂತೆಯೇ ಓದಿ ರೂಢಿಯಾದ ನಮಗೆ ಇಂಗ್ಲಿಷ್ ಕಿವಿಯ ದಾರಿಯಲ್ಲೇ ಬರಬೇಕು ಎಂದು ಇಂದಿಗೂ ನಂಬಿದ್ದೇನೆ.

ಒಮ್ಮೆ ಕೆಮ್ಮಿನ ಔಷಧಿಯ ಬಾಟಲಿ ಓದುತ್ತಿದ್ದೆವು. ದಿನವಿಡೀ ತೋಳಿಗೆ ಕಫ್ ಹೊಲಿಯುವ ಅಕ್ಕ ಬೆರಳು ನಿಲ್ಲಿಸಿ, "ಟೀಚರ್, ಕಫ್‌ನಲ್ಲಿ ಎರಡು ಎಫ್ ಇವೆ, ಕಾಫ್‌ನಲ್ಲಿ ಒಂದೂ ಇಲ್ಲವಲ್ಲ?" ಎಂದರು. ಅಲ್ಲಿರುವ ಜಿ-ಎಚ್ ಹಿಂದೆ ಗಂಟಲಾಳದಿಂದ ಹೊರಡುತ್ತಿದ್ದ ಸದ್ದು. ಕಾಫ್, ಲಾಫ್‌ಗಳಲ್ಲಿ ಅದು ಎಫ್ ಆಯಿತು, ನೈಟ್, ಡಾಟರ್‌ಗಳಲ್ಲಿ ಅಳಿದೇ ಹೋಯಿತು ಎಂದೆ. ಶಾಲೆಯಲ್ಲಿ ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಸ್ವರತಂತುವಿನಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಒಂದು ವಾರ ತುಟಿ ಬಿಚ್ಚುವಂತಿರಲಿಲ್ಲ, ಆಮೇಲೂ ಅಳೆದು ಮಾತು. ತರಗತಿ ನಿಂತಿತು ಎಂದುಕೊಂಡೆ. ಮರುಭಾನುವಾರ ಬಾಗಿಲು ತೆರೆದರೆ ನೀವು ಏಳು ಜನ, ಕೈಯಲ್ಲಿ ಪುಸ್ತಕ. "ಇವತ್ತು ನೀವು ಕೇಳಿ, ನಾವು ಓದುತ್ತೇವೆ" ಎಂದಿರಿ.

ಆರು ಭಾನುವಾರ ಓದಿದಿರಿ. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು 'ವಾಕೆಡ್' ಎಂದಾಗ ನಾನು ಬೆರಳೆತ್ತುವ ಮೊದಲೇ ಪಕ್ಕದವರು ಮೆಲ್ಲಗೆ 'ವಾಕ್ಟ್' ಎಂದರು. ಅವಳು ಸಾಲಿನ ಮೊದಲಿಗೆ ಹೋಗಿ ಮತ್ತೆ ಓದಿದಳು. ಎರಡು ಸಾಲು ದಾಟಿ 'ವಾಂಟೆಡ್' ಬಂದಾಗ, ಅಲ್ಲಿ 'ಎಡ್' ಉಳಿಯಬೇಕೆಂದು ಅವಳಿಗೇ ಗೊತ್ತಾಗಿ ಒಮ್ಮೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಕಣ್ಣು ತುಂಬಿದ್ದು ನೋವಿನಿಂದಲ್ಲ ಎಂದು ಅಂದು ಹೇಳಲಾಗಲಿಲ್ಲ, ಇಂದು ಹೇಳುತ್ತಿದ್ದೇನೆ.

ಓವರ್‌ಟೈಮ್ ಮುಗಿಸಿ ನಿದ್ದೆಗೆಟ್ಟು ಬಂದವರಿಗೆ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಓದಿದವರಿಗೆ, ಗಂಜಿ ಮಾಡಿಟ್ಟು ಹೋದ ಕಫ್ ಹೊಲಿಯುವ ಅಕ್ಕನಿಗೆ ಮನಸ್ಸು ತುಂಬಿ ವಂದನೆಗಳು.

ಈ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಮೊದಲ ಹದಿನೈದು ನಿಮಿಷ ನನ್ನದು. ಉಳಿದ ಪುಟಗಳನ್ನು ನೀವೇ ಓದಬೇಕು.