ಮರ್ಯಾದೆಗೇಡು ಹತ್ಯೆ ಮತ್ತು ಷರೀಅತ್

ಮಾನ್ಯ ಸಂಪಾದಕರೇ,

ಮೊನ್ನೆ ಭಟ್ಕಳದಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಇಬ್ಬರು ಮರ್ಯಾದೆಗೇಡು ಹತ್ಯೆಯ ಸುದ್ದಿಯೊಂದನ್ನು ಹಿಡಿದು, ‘ಮುಸ್ಲಿಮರ ಷರೀಅತ್ ಕಾನೂನಿನಲ್ಲೇ ಇದಕ್ಕೆ ಅವಕಾಶವಿದೆ’, ‘ಖಂಡಿತ ಇಲ್ಲ’ ಎಂದು ಶರಾವತಿ ಸೇತುವೆ ದಾಟುವವರೆಗೂ ವಾದಿಸುತ್ತಿದ್ದರು. ಕುರ್‌ಆನಿನ 24ನೇ ಅಧ್ಯಾಯದ ಪ್ರಕಾರ ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸುವವರು ನಾಲ್ವರು ಸಾಕ್ಷಿಗಳನ್ನು ತರಬೇಕು. ತರದಿದ್ದರೆ ಆರೋಪಿಸಿದವರಿಗೇ 80 ಛಡಿಯೇಟು. ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಧೀಶರದೇ ಹೊರತು ಅಪ್ಪ, ಅಣ್ಣಂದಿರದಲ್ಲ.

ಹಾಗೆಂದು ಇಂಥ ಹತ್ಯೆಗೂ ಷರೀಅತ್‌ಗೂ ಸಂಬಂಧವೇ ಇಲ್ಲವೆನ್ನುವುದೂ ಪೂರ್ಣ ಸತ್ಯವಲ್ಲ. ಮೃತರ ವಾರಸುದಾರರು ಕೊಲೆಗಾರನನ್ನು ಕ್ಷಮಿಸಬಹುದೆಂಬ ಕಿಸಾಸ್ ನಿಯಮವು, ಕೊಂದವನೂ ಕ್ಷಮಿಸುವವರೂ ಒಂದೇ ಮನೆಯವರಾದಾಗ, ಪಾಕಿಸ್ತಾನದಲ್ಲಿ ನುಣುಚಿಕೊಳ್ಳುವ ಕಿಂಡಿಯಾಗಿತ್ತು. ಸಾಮಾಜಿಕ ಜಾಲತಾಣಗಳ ತಾರೆ ಕಂದೀಲ್ ಬಲೋಚ್ ಹತ್ಯೆ ನಡೆದ 2016ರಲ್ಲಿ ಅಲ್ಲಿನ ಸಂಸತ್ತು, ಕುಟುಂಬ ಕ್ಷಮಿಸಿದರೂ ಜೀವಾವಧಿ ಶಿಕ್ಷೆ ತಪ್ಪದಂತೆ ತಿದ್ದುಪಡಿ ತಂದಿತು. ಆದರೂ ಆ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಆಕೆಯ ಸಹೋದರ 2022ರಲ್ಲಿ ಖುಲಾಸೆಗೊಂಡ.

ಜಾತಿಯ ಹೆಸರಿನಲ್ಲಿ ಇದೇ ಕೃತ್ಯ ನಡೆಯುವ ನಮ್ಮ ದೇಶದಲ್ಲಿ, ಬೆದರಿಕೆಗೊಳಗಾದ ಜೋಡಿಗಳಿಗಾಗಿ ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕವಿರಬೇಕೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ನಿರ್ದೇಶಿಸಿದೆ. ಉತ್ತರ ಕನ್ನಡದ ಘಟಕದ ದೂರವಾಣಿ ಸಂಖ್ಯೆಯನ್ನು ಬಸ್ ನಿಲ್ದಾಣ, ಕಾಲೇಜುಗಳಲ್ಲಿ ಕಾಣುವಂತೆ ಹಾಕಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓರ್ವ ಓದುಗ, ಕಾರವಾರ