ಹೂಮಳೆಗೆ ಬೇಡುವ ಮೊದಲು

ವಿರಾಜಪೇಟೆ

ಪ್ರೀತಿಯ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಅಂತ, ಮಾತೆ ಮರಿಯಳ ತಾಯಿ ಸಂತ ಅನ್ನಮ್ಮನಿಗೆ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಾಡಿ ಎಂದು ಕೇಳಿದ್ದೀಯ. ಖಂಡಿತ ಮಾಡುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬೀಳದಿದ್ದರೆ ರೋಬಸ್ಟಾ ಮೊಗ್ಗಿನ ಗತಿ ಏನು ಅಂತ ನನಗೂ ಗೊತ್ತು. ಆದರೆ ನೀನು ಮಾಡಬೇಕಾದದ್ದೂ ಒಂದಿದೆ.

ಚರ್ಚಿನ ಭಾನುವಾರದ ಪೂಜೆಯನ್ನೇ ನೋಡು. ಶಿಲುಬೆ ಗುರುತು ಹಾಕಿದ ಕೂಡಲೇ ನಾವು ಬೇಡಲು ಶುರು ಮಾಡುವುದಿಲ್ಲ. ಮೊದಲು ಎದೆ ತಟ್ಟಿಕೊಂಡು ತಪ್ಪು ಒಪ್ಪಿಕೊಳ್ಳುತ್ತೇವೆ. ಆಮೇಲೆ, ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲವೋ ಕ್ರಿಸ್‌ಮಸ್‌ಗೆ ಮೊದಲಿನ ಆಗಮನ ಕಾಲವೋ ಅಲ್ಲದಿದ್ದರೆ, ದೇವರ ಮಹಿಮೆ ಹಾಡುತ್ತೇವೆ. ವಾಚನ, ಪ್ರಬೋಧನೆ ಎಲ್ಲ ಮುಗಿದ ಮೇಲೆ ತಾನೇ ನಮ್ಮ ಕೋರಿಕೆಗಳು ಬರುವುದು? ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೂ ಮೊದಲು ತಂದೆಯ ನಾಮ, ಆಮೇಲೆ ನಮ್ಮ ಅನ್ನ. ಈಗ ನಮ್ಮ ಪ್ರಾರ್ಥನೆ ಬರೀ ಪಟ್ಟಿ ಆಗಿಬಿಟ್ಟಿದೆ. ಮಳೆ ಬಂದರೂ ಬಾರದಿದ್ದರೂ ಆತನೇ ದೇವರು ಅಂತ ಒಮ್ಮೆ ಸುಮ್ನೆ ಮೊಣಕಾಲೂರಿ ನೋಡು. ಬೇಡುವ ಅವಸರ ಇಳಿಯುತ್ತದೆ. ನಾವು ಮಾಡಿದ್ದೆಲ್ಲ ಆಗ ತಾನಾಗಿ ಕಣ್ಣ ಮುಂದೆ ಬರುತ್ತದೆ.

ಈಗ ಹೇಳಲೇಬೇಕಾದ ಮಾತು. ಈ ಸಲ ಕೊಯ್ಲಿನಲ್ಲಿ, ಸಂಜೆ ತೂಕ ಹಾಕುವಾಗ, ಕಸಕಡ್ಡಿ ಅಂತ ಚೀಲಕ್ಕೆ ಎರಡು ಕೆಜಿ ಮುರಿದುಕೊಂಡಿದ್ದೀಯಂತೆ. ಬೆಳಗ್ಗೆ ಇಬ್ಬನಿಯಲ್ಲಿ ನೆನೆದು, ಕೆಂಪಿರುವೆ ಕಚ್ಚಿಸಿಕೊಂಡು ಕೊಯ್ದ ಹಣ್ಣು ಅದು. ಅವರಿಗೆ ಕೂಲಿ ಸಿಗುವುದೇ ಕೆಜಿ ಲೆಕ್ಕದಲ್ಲಿ. ತೋಟದ ಕೂಲಿಯವರ ಲೈನ್‌ಮನೆ ಹೆಂಗಸರು ನಿನ್ನೆದುರು ಮಾತಾಡಲಿಲ್ಲ, ಮುಂದಿನ ವರ್ಷವೂ ಕೆಲಸ ಬೇಕಲ್ಲ. ಬೈಬಲ್‌ನಲ್ಲಿ ಯಕೋಬನ ಪತ್ರದ 5ನೇ ಅಧ್ಯಾಯ ತೆಗೆದು ಓದು. ಕೊಯ್ಲು ಮಾಡಿದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಇದೆ. ನಿನ್ನ ನೊವೆನಾಕ್ಕಿಂತ ಮೊದಲೇ ಅದು ಅಲ್ಲಿಗೆ ಮುಟ್ಟಿದೆ, ಮಗನೇ.

ಅದಕ್ಕೇ ಮಳೆ ಬಂದಿಲ್ಲ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ದೇವರು ಮಳೆ ಸುರಿಸುತ್ತಾರೆ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ನನಗೆ ಮಳೆಗಿಂತ ನಿನ್ನ ಚಿಂತೆ ಜಾಸ್ತಿ.

ನಮ್ಮ ಅನ್ನಮ್ಮನ ದೇವಾಲಯ ಆದದ್ದು 1792ರಲ್ಲಿ. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ಆಸರೆ ಕೊಟ್ಟ. ಬೇರೆ ಧರ್ಮದ ರಾಜ ನಮ್ಮ ಹಿರಿಯರನ್ನು ಹಾಗೆ ನೋಡಿಕೊಂಡ. ಹೊಟ್ಟೆಪಾಡಿಗೆ ದೂರದಿಂದ ನಮ್ಮ ತೋಟಕ್ಕೆ ಬಂದವರನ್ನು ನಾವು ಹೀಗೆ ನೋಡಿಕೊಳ್ಳಬಹುದಾ?

ಪಶ್ಚಾತ್ತಾಪ ಅಂದರೆ ಕಣ್ಣೀರು ಹಾಕಿ ಎದ್ದು ಬರುವುದಲ್ಲ. ಬೈಬಲ್‌ನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಏನು ಮಾಡಿದ? ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂತ ಎಲ್ಲರೆದುರು ಹೇಳಿದ. ನೀನು ಮೊದಲು ತೂಕದ ಪುಸ್ತಕ ತೆಗೆದು ಲೆಕ್ಕ ಹಾಕು. ದುಡ್ಡನ್ನು ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಕಳಿಸಬೇಡ. ನೀನೇ ಲೈನ್‌ಮನೆಗೆ ಹೋಗಿ ಕೊಡು, 'ನನ್ನಿಂದ ತಪ್ಪಾಯ್ತು' ಅನ್ನು. ಯಜಮಾನನ ಬಾಯಲ್ಲಿ ಆ ಮಾತು ಬರುವುದು ಕಷ್ಟ. ಆದರೂ ಹೇಳು. ಊರಿಗೆ ಹೋದವರಿಗೆ ದುಡ್ಡು ಫೋನ್‌ನಲ್ಲೇ ಹಾಕಬಹುದು, ಅಲ್ವಾ?

ಆಮೇಲೆ ಫಾದರ್ ಹತ್ತಿರ ಹೋಗಿ ಪಾಪನಿವೇದನೆ ಮಾಡು. ನಾಚಿಕೆಯಿಂದ ದೂರ ಉಳಿಯಬೇಡ. ಯೇಸುಸ್ವಾಮಿ ಹೇಳಿದ ಕತೆಯಲ್ಲಿ, ಹಾಳಾಗಿ ಹಿಂದಿರುಗಿದ ಮಗನನ್ನು ಕಂಡು ತಂದೆಯೇ ಓಡಿ ಬಂದದ್ದು ನಿನಗೆ ಗೊತ್ತಲ್ಲ.

ಅದೆಲ್ಲ ಆದ ದಿನ ನನಗೆ ಫೋನ್ ಮಾಡು. ಮರುದಿನವೇ ನೊವೆನಾ ಶುರು ಮಾಡೋಣ, ನೀನು ಅಲ್ಲಿ, ನಾನು ಇಲ್ಲಿ.

ನಿನ್ನ ದೊಡ್ಡಮ್ಮ